ಕೋಡು ಬಿದ್ದ ಮಣ್ಣೆತ್ತು

ನಾನು ಶಿಶುವಿಹಾರದ ಶಿಕ್ಷಕಿಯಾಗಿ ಸೇರಿದ ಮೊದಲ ವರ್ಷದ ಮಾತು. ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ ಮಕ್ಕಳಿಗೆ ಒಂದೊಂದು ಉಂಡೆ ಮಣ್ಣು ಕೊಟ್ಟಿದ್ದೆ. ನಾಲ್ಕು ವರ್ಷದ ಹುಡುಗನೊಬ್ಬ ಅರ್ಧ ಗಂಟೆ ತಲೆ ಎತ್ತದೆ ಕುಳಿತು ಎತ್ತು ಮಾಡಿದ. ಮೂರು ಕಾಲು, ಒಂದು ಕೋಡು, ಬೆನ್ನಿನ ಮೇಲೆ ಮಾತ್ರ ದೊಡ್ಡ ಹಿಣಿಲು. ಸಂಜೆ ಪಾಲಕರು ಬರುತ್ತಾರೆಂದು ನಾನು ಅದಕ್ಕೆ ನಾಲ್ಕನೆಯ ಕಾಲು ಹಚ್ಚಿದೆ, ಎರಡನೆಯ ಕೋಡು ಇಟ್ಟೆ, ಮೂತಿಯನ್ನು ನುಣುಪು ಮಾಡಿದೆ. ಹುಡುಗ ಬಂದು ನೋಡಿ, “ಟೀಚರ್, ಇದು ನಿಮ್ಮ ಎತ್ತು” ಎಂದ. ಮನೆಗೆ ಒಯ್ಯಲೇ ಇಲ್ಲ.

ಆ ಮಾತನ್ನು ನಾನು ಮರೆತಿಲ್ಲ. ಶಾಲೆಗೆ ಮುಂಚಿನ ಮಕ್ಕಳ ಕೈಗೆಲಸದ ಬಗ್ಗೆ ಯಾರು ಕೇಳಿದರೂ ಮೊದಲು ಇದನ್ನೇ ಹೇಳುತ್ತೇನೆ: ದೊಡ್ಡವರ ಕೈ ಮಗುವಿನ ಕೆಲಸದ ಮೇಲೆ ಬೀಳಬಾರದು. ಇಂದು ಬಹಳ ಕಡೆ ನಡೆಯುವುದು ಇದಕ್ಕೆ ವಿರುದ್ಧ. ಹಬ್ಬ ಬಂತೆಂದರೆ ಶಿಕ್ಷಕಿಯೇ ಕತ್ತರಿಸಿದ ಬಣ್ಣದ ಕಾಗದ, ಶಿಕ್ಷಕಿಯೇ ಅಂಟಿಸಿದ ಮಿಂಚುಪುಡಿ, ಮಗುವಿನದು ಹೆಸರು ಮಾತ್ರ. ಪಾಲಕರ ವಾಟ್ಸ್ಆ್ಯಪ್ ಗುಂಪಿಗೆ ಚಿತ್ರ ಹೋದರೆ ಕೆಲಸ ಮುಗಿಯಿತು. ಮೂವತ್ತು ಮಕ್ಕಳ ಮೂವತ್ತು ಗಣಪತಿಗಳು ಒಂದೇ ಅಚ್ಚಿನಲ್ಲಿ ತೆಗೆದಂತೆ ಕಂಡರೆ ಅಲ್ಲಿ ಮಕ್ಕಳು ಏನೂ ಮಾಡಿಲ್ಲವೆಂದೇ ತಿಳಿಯಿರಿ.

ಉತ್ತರ ಕರ್ನಾಟಕದ ಮಳೆಗಾಲವನ್ನು ನೋಡಿ. ಕಾರ ಹುಣ್ಣಿಮೆಗೆ ನಿಜವಾದ ಎತ್ತುಗಳಿಗೆ ಬಣ್ಣ ಬಳಿದು ಮೆರೆಸುತ್ತಾರೆ. ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಆಷಾಢದ ಮಂಗಳವಾರಗಳಲ್ಲಿ ಮಣ್ಣಿನಲ್ಲಿ ಮಾಡಿ ಪೂಜಿಸುವ ಗುಳ್ಳವ್ವ, ಶ್ರಾವಣದ ಪಂಚಮಿಗೆ ನಾಗಪ್ಪ, ಭಾದ್ರಪದದಲ್ಲಿ ಗಣಪ, ಅವನ ಹಿಂದೆಯೇ ಜೋಕುಮಾರ. ನಾಲ್ಕು ತಿಂಗಳಲ್ಲಿ ಐದು ಸಲ ಮಣ್ಣು ಮನೆಯೊಳಗೆ ಬರುತ್ತದೆ. ಯಾವ ಶಿಕ್ಷಣತಜ್ಞರೂ ಇಷ್ಟು ಚೆನ್ನಾಗಿ ಪಾಠ ಜೋಡಿಸಲಾರರು. ನಾಗಪ್ಪನಿಗೆ ಮಣ್ಣನ್ನು ಉದ್ದಕ್ಕೆ ಹೊಸೆದು ಸುತ್ತಿದರೆ ಸಾಕು, ಎತ್ತಿಗೆ ತುಂಡುಗಳನ್ನು ಜೋಡಿಸಬೇಕು, ಗಣಪನಿಗೆ ಸೊಂಡಿಲು ಬಾಗಿಸಬೇಕು.

ಮಣ್ಣೇ ಏಕೆ? ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟುವಾಗ ಅವು ಮೃದ್ವಸ್ಥಿ, ವರ್ಷಗಳು ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತವೆ. ಮೂರು ವರ್ಷದ ಮಗುವಿನಲ್ಲಿ ಹಲವು ಇನ್ನೂ ಗಟ್ಟಿಯಾಗಿರುವುದಿಲ್ಲ. ಅಂಥ ಕೈಗೆ ಪೆನ್ಸಿಲು ಕೊಟ್ಟು ‘ಅ, ಆ’ ತಿದ್ದಿಸುವುದು ಅನ್ಯಾಯ. ಮಣ್ಣನ್ನು ನಾದುವಾಗ ಅಂಗೈ, ಹೊಸೆಯುವಾಗ ಎರಡೂ ಕೈ, ಕಿವಿ ಚಿವುಟುವಾಗ ಹೆಬ್ಬೆರಳು, ತೋರುಬೆರಳು ಬಲಗೊಳ್ಳುತ್ತವೆ. ಮುಂದೆ ಪೆನ್ಸಿಲು ಹಿಡಿಯುವುದೂ ಇವೇ ಬೆರಳುಗಳು. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದವರ ಕಲಿಕೆಗೆ ಆಟವನ್ನೇ ತಳಹದಿಯಾಗಿಸಿದೆ. ಆದರೂ ಮೂರು ವರ್ಷದ ಮಗುವಿಗೆ ಬರೆಯುವ ಹೋಂವರ್ಕ್ ಕೇಳುವ ಪಾಲಕರು ನನ್ನ ಬಳಿ ಪ್ರತಿ ಜೂನ್‌ನಲ್ಲೂ ಬರುತ್ತಾರೆ. ಅವರಿಗೆ ಮಣ್ಣಿನ ಉಂಡೆ ತೋರಿಸುತ್ತೇನೆ.

ಮಣ್ಣನ್ನು ಕುಂಬಾರರಿಂದ ತರುವುದು ಉತ್ತಮ. ಅವರು ಹದ ಮಾಡಿದ ಮಣ್ಣು ಒಂದು ಬುಟ್ಟಿಯಷ್ಟಿದ್ದರೆ ಇಪ್ಪತ್ತು ಮಕ್ಕಳಿಗೆ ಸಾಕಾದೀತು. ನೀವೇ ಕೆರೆಯಂಗಳದ ಮಣ್ಣು ತಂದರೆ ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ರಾತ್ರಿಯಿಡೀ ನೆನೆಹಾಕಿ. ಹೊಲದ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕುಗ್ಗಿ ಬಿರಿಯುತ್ತದೆ. ಅದಕ್ಕೆ ಸ್ವಲ್ಪ ಸಣ್ಣ ಮರಳು ಬೆರೆಸಬೇಕು. ಹದ ನೋಡಲು ಬೆರಳು ದಪ್ಪದ ಬತ್ತಿ ಹೊಸೆದು ತೋರುಬೆರಳಿಗೆ ಸುತ್ತಿ. ಬಿರುಕು ಬಿಟ್ಟರೆ ಇನ್ನಷ್ಟು ನೀರು, ಇನ್ನಷ್ಟು ನಾದುವಿಕೆ ಬೇಕು. ಕೈಗೆ ಅಂಟಿದರೆ ಸ್ವಲ್ಪ ಹೊತ್ತು ಗಾಳಿಗೆ ಬಿಡಿ. ಈ ಪರೀಕ್ಷೆಯನ್ನೂ ಮಕ್ಕಳ ಕೈಯಿಂದಲೇ ಮಾಡಿಸಿ. ಅವರಿಗೆ ಇದು ಎತ್ತಿಗಿಂತ ಹೆಚ್ಚು ಇಷ್ಟ.

ಮೂರು ವರ್ಷದವರು ಏನನ್ನೂ ಮಾಡುವುದಿಲ್ಲ ಎಂದು ಹೊಸ ಶಿಕ್ಷಕಿಯರು ಬೇಸರಪಡುತ್ತಾರೆ. ಆ ಮಕ್ಕಳು ಗುದ್ದುತ್ತಾರೆ, ತೂತು ಕೊರೆಯುತ್ತಾರೆ, ಮುರಿಯುತ್ತಾರೆ. ಅದೇ ಅವರ ಕೆಲಸ. ನಿಂಬೆಹಣ್ಣಿನಷ್ಟು ಮಣ್ಣು ಕೊಟ್ಟು ಸುಮ್ಮನಿರಿ. ನಾಲ್ಕರ ಹೊತ್ತಿಗೆ ಉಂಡೆ, ಬತ್ತಿ ಬರುತ್ತವೆ. ಐದಕ್ಕೆ ಭಾಗಗಳು ಕೂಡುತ್ತವೆ. ಒಣಗಿದ ಮೇಲೆ ಕೋಡು ಉದುರಿದರೆ ಬೇಸರ ಬೇಡ, ಆ ದಿನದ ಪಾಠ ಅಲ್ಲಿಂದಲೇ ಶುರು. “ಏಕೆ ಬಿತ್ತು?” ಎಂದು ಕೇಳಿ ಕಾಯಿರಿ. “ಅದಕ್ಕೆ ನಿದ್ದೆ ಬಂತು” ಎಂದಾನು ಒಬ್ಬ, “ಒದ್ದೆ ಇರಲಿಲ್ಲ” ಎಂದಾಳು ಇನ್ನೊಬ್ಬಳು. ಆಮೇಲೆ ತೋರಿಸಿ: ಮಣ್ಣು ಹಸಿಯಿರುವಾಗಲೇ ತಲೆಯ ಮೇಲೂ ಕೋಡಿನ ಬುಡದಲ್ಲೂ ಕಡ್ಡಿಯಿಂದ ಗೀರಿ, ನೀರು ಮಣ್ಣಿನ ಗಂಜಿ ಹಚ್ಚಿ ಒತ್ತಿದರೆ ಕೋಡು ನಿಲ್ಲುತ್ತದೆ. ತೋರಿಸಲು ನಿಮ್ಮದೇ ಬೇರೆ ಮಣ್ಣು ಬಳಸಿ. ಅವರ ಎತ್ತನ್ನು ಮುಟ್ಟಬೇಡಿ.

ಲೆಕ್ಕವೂ ತಾನಾಗಿ ಬರುತ್ತದೆ. ಎತ್ತು ಯಾವಾಗಲೂ ಜೋಡಿ. ಒಂದಕ್ಕೆ ಎರಡು ಕೋಡು, ಜೋಡಿಗೆ ಎಷ್ಟು? ಮುಂದೆ ಇಡಲು ಗೋದಲಿ ಬೇಕು, ಎರಡೂ ಮೂತಿ ಹಿಡಿಯುವಷ್ಟು ಅಗಲ ಬೇಕು. ಅಳತೆಗೋಲು ಇಲ್ಲದೆಯೇ ಅಳತೆ ಕಲಿಯುತ್ತಾರೆ.

ಒಂದು ಎಚ್ಚರಿಕೆಯನ್ನು ಕೈಮುಗಿದು ಹೇಳುತ್ತೇನೆ. ಕಣ್ಣಿಗೆಂದು ಗುಲಗಂಜಿ ಇಡುವ ರೂಢಿ ನಮ್ಮಲ್ಲಿದೆ. ಕೆಂಪು ಮೈ, ಕಪ್ಪು ಚುಕ್ಕೆ, ಮಕ್ಕಳ ಕಣ್ಣು ಸೆಳೆಯುವ ಬೀಜ. ಆದರೆ ಅದು ಘೋರ ವಿಷ. ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ತರಗತಿಯೊಳಗೆ ಅದು ಬರಲೇಬಾರದು. ಮೆಣಸು, ಕಡಲೆಯಂಥ ಕಾಳುಗಳೂ ಚಿಕ್ಕವರ ಕೈಯಲ್ಲಿ ಮೂಗಿಗೋ ಕಿವಿಗೋ ಹೋಗುತ್ತವೆ. ಕಡ್ಡಿಯಿಂದ ಚುಚ್ಚಿದ ತೂತೇ ಒಳ್ಳೆಯ ಕಣ್ಣು. ಕೆಲಸ ಮುಗಿದ ಮೇಲೆ ಸಾಬೂನು ಹಚ್ಚಿ ಉಗುರಿನ ಸಂದಿ ತೊಳೆಸಿ. ಕೈಗೆ ಗಾಯವಾದ ಮಗು ಆ ದಿನ ನೀರು ಚಿಮುಕಿಸುವ ಕೆಲಸ ಮಾಡಲಿ.

ಉಳಿದ ಋತುಗಳಿಗೂ ಇದೇ ಕಣ್ಣಿನಿಂದ ನೋಡಿದರೆ ಸಾಮಗ್ರಿಗೆ ಕೊರತೆಯಿಲ್ಲ. ಕಾರ್ತಿಕದಲ್ಲಿ ಹತ್ತಿ ಬಿಡಿಸಿ ಬತ್ತಿ ಹೊಸೆಯುವುದಕ್ಕಿಂತ ಒಳ್ಳೆಯ ಬೆರಳ ವ್ಯಾಯಾಮ ನಾನು ಕಂಡಿಲ್ಲ. ಸಂಕ್ರಾಂತಿಗೆ ಹುರಿದ ಶೇಂಗಾವನ್ನು ಅಂಗೈಯಲ್ಲಿ ಉಜ್ಜಿ ಸಿಪ್ಪೆ ಊದುವ ಕೆಲಸ ಕೊಡಬಹುದು. ತಿನ್ನಲು ಮಾತ್ರ ಪುಡಿ ಮಾಡಿಯೇ ಕೊಡಿ, ಇಡೀ ಕಾಳು ಗಂಟಲಿಗೆ ಸಿಕ್ಕುತ್ತದೆ. ಯುಗಾದಿಗೆ ಮಾವಿನೆಲೆಯ ತೋರಣ, ಬೇಸಿಗೆಗೆ ತೆಂಗಿನ ಗರಿಯ ಗಿರಗಿಟ್ಲೆ.

ಹಬ್ಬ ಮುಗಿದ ಮೂರನೆಯ ದಿನ ನಾವು ಎತ್ತುಗಳನ್ನು ಬಕೆಟ್ಟಿನ ನೀರಿಗೆ ಇಳಿಸುತ್ತೇವೆ. ಒಣಮಣ್ಣಿನಿಂದ ಗುಳ್ಳೆಗಳು ಏಳುತ್ತವೆ, ಮೊದಲು ಕಿವಿ ಕರಗುತ್ತದೆ, ಆಮೇಲೆ ಬಾಲ. ಕಳೆದ ವರ್ಷ ಒಬ್ಬಳು ಮೊಣಕೈವರೆಗೆ ಕೈ ಇಳಿಸಿ ತನ್ನ ಎತ್ತಿನ ಕೋಡು ಹುಡುಕಿದಳು, ಸಿಕ್ಕಿದ್ದು ಒಂದು ಹಿಡಿ ಕೆಸರು. “ಇದರಲ್ಲಿ ಎಲ್ಲರ ಎತ್ತೂ ಇದೆ” ಎಂದು ಕೂಗಿದಳು. ಆ ಕೆಸರನ್ನು ಸೋಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿಟ್ಟೆವು. ಮುಂದಿನ ಮಂಗಳವಾರ ಗುಳ್ಳವ್ವ ಮಾಡಲು ಮಣ್ಣು ಬೇಕಿತ್ತು.