ಹುಳ ಕಚ್ಚಿದಾಗ ಕೇಳಬೇಕಾದ ಎರಡು ಪ್ರಶ್ನೆ: ಎಲ್ಲಿ? ಎಷ್ಟು ಹೊತ್ತಿಗೆ?

ಜೇನು, ಕಣಜ, ಉಣುಗು, ಚೇಳು ಎಂದು ಒಂದೊಂದರ ಹೆಸರು ಹಿಡಿದು ಲಕ್ಷಣಗಳನ್ನು ಬಾಯಿಪಾಠ ಮಾಡಿದರೆ ಪರೀಕ್ಷೆಗೆ ಸಾಕಾದೀತು. ಆರೋಗ್ಯ ಕೇಂದ್ರದಲ್ಲಿ ಎದುರಿಗೆ ಮನುಷ್ಯ ಬಂದು ಕೂತಾಗ ಅದು ಸಾಲದು. "ಏನೋ ಕಚ್ಚಿತು, ನೋಡ್ಲಿಲ್ಲ" ಎನ್ನುವವರೇ ಹೆಚ್ಚು. ಕಚ್ಚಿದ್ದೇ ಗೊತ್ತಿಲ್ಲದೆ ಜ್ವರ ಎಂದು ಬರುವವರೂ ಇದ್ದಾರೆ. ಹಾಗಾಗಿ ನಾನು ಈ ಪಾಠವನ್ನು ಎರಡು ಪ್ರಶ್ನೆಗಳ ಮೇಲೆ ಓದಿಕೊಂಡಿದ್ದೇನೆ. ತೊಂದರೆ ಕಚ್ಚಿದ ಜಾಗದಲ್ಲೇ ಇದೆಯೋ, ಅಲ್ಲಿಂದ ದೂರದ ಅಂಗಗಳಿಗೂ ಹೋಗಿದೆಯೋ? ಕಚ್ಚಿ ಎಷ್ಟು ಹೊತ್ತಾಯಿತು: ನಿಮಿಷವೋ, ದಿನವೋ, ವಾರವೋ? ಹುಳದ ಹೆಸರು ಗೊತ್ತಿಲ್ಲದಿದ್ದರೂ ಈ ಎರಡಕ್ಕೆ ಉತ್ತರ ಸಿಕ್ಕರೆ ಮುಂದಿನ ದಾರಿ ಕಾಣುತ್ತದೆ.

ಜೇನಿನ ಮುಳ್ಳು: ಮೊದಲ ನಿಮಿಷ

ಕೆಲಸಗಾರ ಜೇನಿನ ಮುಳ್ಳಿಗೆ ಹಿಮ್ಮುಖವಾಗಿ ಬಾಗಿದ ಕೊಕ್ಕೆಗಳಿವೆ. ನಮ್ಮ ಚರ್ಮಕ್ಕೆ ನೆಟ್ಟರೆ ಅದು ವಾಪಸ್ ಬರುವುದಿಲ್ಲ. ಹುಳ ಕಿತ್ತುಕೊಂಡು ಹಾರಿದಾಗ ಮುಳ್ಳಿನ ಜೊತೆಗೆ ವಿಷದ ಚೀಲ, ಅದನ್ನು ಒತ್ತುವ ಸ್ನಾಯು ಎಲ್ಲವೂ ಚರ್ಮದಲ್ಲೇ ಉಳಿಯುತ್ತವೆ. ಹತ್ತಿರದಿಂದ ನೋಡಿದರೆ, ಜೇನು ಹೋದ ಮೇಲೂ ಆ ಪುಟ್ಟ ಚೀಲ ಮಿಡಿಯುತ್ತಿರುವುದು ಕಾಣುತ್ತದೆ. ಇದ್ದ ವಿಷದ ಬಹುಪಾಲು ಮೊದಲ ಇಪ್ಪತ್ತು ಸೆಕೆಂಡುಗಳಲ್ಲೇ ಒಳಗೆ ಹೋಗಿಬಿಡುತ್ತದೆ.

"ಚಿವುಟಿ ತೆಗೆಯಬಾರದು, ಕಾರ್ಡಿನ ಅಂಚಿನಿಂದ ಕೆರೆದೇ ತೆಗೆಯಬೇಕು" ಎಂದು ಇವತ್ತಿಗೂ ಹೇಳಿಕೊಡುತ್ತಾರೆ. 1996ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನು ಪರೀಕ್ಷಿಸಿತು. ಹೇಗೆ ತೆಗೆದರು ಎಂಬುದರಿಂದ ಬಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ, ಎಷ್ಟು ಬೇಗ ತೆಗೆದರು ಎಂಬುದರಿಂದ ಕಂಡಿತು. ಕಾರ್ಡು ಹುಡುಕುತ್ತಾ ನಿಲ್ಲುವ ಬದಲು ಉಗುರಿನಿಂದಲೇ ಕಿತ್ತು ಬಿಸಾಡಿ, ಆ ಜಾಗದಿಂದ ಓಡಿ. ಓಡುವುದಕ್ಕೂ ಕಾರಣವಿದೆ. ಮುಳ್ಳಿನಿಂದ ಬಾಳೆಹಣ್ಣಿನ ವಾಸನೆಯ ಒಂದು ರಾಸಾಯನಿಕ ಹೊರಬರುತ್ತದೆ, ಉಳಿದ ಜೇನುಗಳಿಗೆ ಅದೇ ದಾಳಿಯ ಕರೆ.

ಕಣಜದ ಮುಳ್ಳು ಬಹುಮಟ್ಟಿಗೆ ನುಣುಪು. ಚರ್ಮದಲ್ಲಿ ಉಳಿಯುವುದಿಲ್ಲ, ಒಂದೇ ಹುಳ ಮತ್ತೆ ಮತ್ತೆ ಚುಚ್ಚಬಲ್ಲದು. ಚರ್ಮದಲ್ಲಿ ಮುಳ್ಳು ಸಿಕ್ಕರೆ ಜೇನು ಎಂದೇ ಲೆಕ್ಕ.

ಆಮೇಲೆ ಸೋಪು ನೀರಿನಲ್ಲಿ ತೊಳೆಯುವುದು, ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು ಹತ್ತು ಹದಿನೈದು ನಿಮಿಷ ಇಡುವುದು. ಕೈಗೆ ಕಚ್ಚಿದ್ದರೆ ಉಂಗುರ, ಬಳೆಗಳನ್ನು ತಕ್ಷಣ ತೆಗೆಸಿ. ಊದಿದ ಮೇಲೆ ಉಂಗುರ ಕತ್ತರಿಸುವ ಹೊರತು ದಾರಿಯಿರುವುದಿಲ್ಲ. ತುರಿಕೆಗೆ ಸೆಟ್ರಿಜಿನ್, ಕ್ಯಾಲಮೈನ್ ಲೋಷನ್ ಸಾಕು. ಸುಣ್ಣ ಹಚ್ಚುವ ರೂಢಿಯ ಬಗ್ಗೆ ರೋಗಿಗಳು ಕೇಳಿಯೇ ಕೇಳುತ್ತಾರೆ. ಜೇನಿನ ವಿಷ ಆಮ್ಲ, ಸುಣ್ಣ ಕ್ಷಾರ, ಒಂದಕ್ಕೊಂದು ಸರಿಹೋಗುತ್ತದೆ ಎಂಬುದು ಅದರ ಹಿಂದಿನ ತರ್ಕ. ಆದರೆ ನೋವು ಕೊಡುವುದು ಮೆಲಿಟಿನ್‌ನಂಥ ಪ್ರೋಟೀನು, ಅದು ಆಗಲೇ ಚರ್ಮದ ಒಳಗೆ ಸೇರಿರುತ್ತದೆ. ಮೇಲೆ ಹಚ್ಚಿದ ಸುಣ್ಣ ಅಲ್ಲಿಗೆ ತಲುಪುವುದಿಲ್ಲ, ಚರ್ಮ ಸುಡುವುದು ಮಾತ್ರ ಖಂಡಿತ.

ಬಾವು ದೊಡ್ಡದಾದರೆ ಕೀವಾಗಿದೆಯೇ?

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಕೆಲವರಿಗೆ ಬಾವು ಹತ್ತು ಸೆಂಟಿಮೀಟರಿಗಿಂತ ಅಗಲವಾಗಿ ಹಬ್ಬುತ್ತದೆ. ಬೆರಳಿಗೆ ಕಚ್ಚಿದ್ದು ಮೊಣಕೈವರೆಗೂ ಏರಬಹುದು. ಇದು ಒಂದೆರಡು ದಿನಗಳಲ್ಲಿ ಶಿಖರ ಮುಟ್ಟಿ, ಒಂದು ವಾರದ ಹೊತ್ತಿಗೆ ಇಳಿಯುತ್ತದೆ. ನೋಡಲು ಗಾಬರಿಯಾಗುತ್ತದೆ, ಆದರೆ ಅದು ಅಲರ್ಜಿಯ ಊತ, ಸೋಂಕಲ್ಲ. ಇದಕ್ಕೆ ಆ್ಯಂಟಿಬಯೋಟಿಕ್ ಬೇಡ.

ಸೋಂಕಿನ ನಡೆ ಬೇರೆ. ಅದು ಮೊದಲ ದಿನವೇ ಬರುವುದು ಅಪರೂಪ. ಇಳಿಯುತ್ತಿದ್ದ ಬಾವು ಎರಡು ಮೂರು ದಿನಗಳ ಮೇಲೆ ಮತ್ತೆ ಕೆಂಪಾಗಿ, ತುರಿಕೆಗಿಂತ ನೋವು ಹೆಚ್ಚಾಗಿ, ಬಿಸಿಯಾಗಿ ಹರಡುತ್ತದೆ. ಕೀವು, ಜ್ವರ, ಮೇಲಕ್ಕೆ ಓಡುವ ಕೆಂಪು ಗೆರೆ ಕಂಡರೆ ವೈದ್ಯರ ಬಳಿ ಕಳಿಸಲೇಬೇಕು. ಪೆನ್ನಿನಿಂದ ಕೆಂಪಿನ ಅಂಚಿಗೆ ಗೆರೆ ಎಳೆದು, ಪಕ್ಕದಲ್ಲಿ ಸಮಯ ಬರೆದಿಡಿ. ನಾಳೆ ಕೆಂಪು ಆ ಗೆರೆ ದಾಟಿದ್ದರೆ ವಾದಕ್ಕೆ ಎಡೆಯಿರುವುದಿಲ್ಲ.

ಕಚ್ಚಿದ್ದು ಕೈಗೆ, ತೊಂದರೆ ಉಸಿರಿಗೆ

ಇಡೀ ಪಾಠದಲ್ಲಿ ಒಂದೇ ಭಾಗ ಓದಲು ಸಮಯವಿದ್ದರೆ ಇದನ್ನು ಓದಿ. ಕೈಗೆ ಕಚ್ಚಿದ ಕೆಲವೇ ನಿಮಿಷಗಳಲ್ಲಿ ಹೊಟ್ಟೆ, ಬೆನ್ನ ಮೇಲೆ ಪಿತ್ತದ ಗಂಧೆ, ತುಟಿ ನಾಲಿಗೆ ಊತ, ಧ್ವನಿ ಒಡೆಯುವುದು, ಉಬ್ಬಸ, ವಾಂತಿ, ತಲೆಸುತ್ತು ಶುರುವಾದರೆ ಅದು ಅನಾಫಿಲಾಕ್ಸಿಸ್, ಮೈಯೆಲ್ಲ ಆವರಿಸುವ, ಜೀವಕ್ಕೇ ಅಪಾಯ ತರುವ ಅಲರ್ಜಿ. ಗಂಧೆ ಇಲ್ಲದೆಯೂ ಬರಬಹುದು. ಕಚ್ಚಿದ ತಕ್ಷಣ ಬೆವೆತು ಕುಸಿದವರನ್ನು "ಹೆದರಿದ್ದಾರೆ, ನೀರು ಕೊಡಿ" ಎಂದು ಬಿಡಬೇಡಿ. ರಕ್ತದೊತ್ತಡ ಕುಸಿದಿರಬಹುದು.

ಇದಕ್ಕೆ ಮೊದಲ ಔಷಧ ಅಡ್ರಿನಲಿನ್. ಒಂದು ಮಿಲಿಲೀಟರಿಗೆ ಒಂದು ಮಿಲಿಗ್ರಾಂ ಇರುವ ಸಾಮಾನ್ಯ ಆ್ಯಂಪ್ಯೂಲಿನಿಂದ ವಯಸ್ಕರಿಗೆ 0.5 ಮಿ.ಲೀ., ಮಕ್ಕಳಿಗೆ ತೂಕದ ಕೆಜಿಗೆ 0.01 ಮಿ.ಗ್ರಾಂ. (0.3 ಮಿ.ಗ್ರಾಂ. ಮೀರದಂತೆ). ತೊಡೆಯ ಹೊರಬದಿಯ ಮಧ್ಯಭಾಗದ ಸ್ನಾಯುವಿಗೆ ಕೊಡಬೇಕು, ತೋಳಿಗಲ್ಲ. ಅಲ್ಲಿಂದ ರಕ್ತಕ್ಕೆ ಬೇಗ ಸೇರುತ್ತದೆ. ಸುಧಾರಿಸದಿದ್ದರೆ ಐದು ನಿಮಿಷದ ಮೇಲೆ ಇನ್ನೊಂದು. ಏವಿಲ್ (ಅಲರ್ಜಿ ಔಷಧ), ಹೈಡ್ರೋಕಾರ್ಟಿಸೋನ್ (ಸ್ಟೀರಾಯ್ಡ್) ಕೊಟ್ಟು ಕಾದು ನೋಡುವ ಅಭ್ಯಾಸ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಅವು ಗಂಧೆಯನ್ನು ಇಳಿಸಬಹುದು, ಮುಚ್ಚುತ್ತಿರುವ ಗಂಟಲನ್ನು ತೆರೆಯುವುದಿಲ್ಲ. ಅಡ್ರಿನಲಿನ್ ಕೊಡಲು ಹೆದರಿ ಕಳೆದ ಆ ಹತ್ತು ನಿಮಿಷ ಜೀವಕ್ಕೇ ಎರವಾಗುತ್ತದೆ.

ಇಂಜೆಕ್ಷನ್ ಕೈಯಲ್ಲಿಲ್ಲದ ಜಾಗದಲ್ಲಾದರೆ 108ಕ್ಕೆ ಕರೆ ಮಾಡಿ, ಅಂಗಾತ ಮಲಗಿಸಿ, ಕಾಲು ಎತ್ತಿಡಿ. ಉಸಿರಾಟ ಕಷ್ಟವಾದರೆ ಒರಗಿ ಕೂರಲಿ. ವಾಂತಿಯಾಗುತ್ತಿದ್ದರೆ, ಪ್ರಜ್ಞೆ ಮಸುಕಾಗಿದ್ದರೆ ಪಕ್ಕಕ್ಕೆ ತಿರುಗಿಸಿ. ಸ್ವಲ್ಪ ಸುಧಾರಿಸಿತು ಎಂದು ಎಬ್ಬಿಸಿ ನಡೆಸಬೇಡಿ. ಹಾಗೆ ಎದ್ದು ನಿಂತ ಗಳಿಗೆಯಲ್ಲೇ ಕುಸಿದು ಸತ್ತವರಿದ್ದಾರೆ. ಪೂರ್ತಿ ಸರಿಹೋದ ಮೇಲೂ ಕೆಲವು ಗಂಟೆ ಬಿಟ್ಟು ಮತ್ತೆ ಮರುಕಳಿಸಬಹುದು, ಆದ್ದರಿಂದ ಆಸ್ಪತ್ರೆಯಲ್ಲಿ ನಿಗಾ ಬೇಕು. ಬಾಯೊಳಗೆ, ಗಂಟಲಿಗೆ ಕಚ್ಚಿದ್ದರೆ ಅಲರ್ಜಿ ಇಲ್ಲದವರಿಗೂ ಅದು ತುರ್ತು. ಕಬ್ಬಿನ ಹಾಲಿನ ಲೋಟದಲ್ಲಿ ಜೇನು ಬಿದ್ದಿರುವುದನ್ನು ಗಮನಿಸದೆ ಕುಡಿದವರ ಊತ ಉಸಿರಿನ ದಾರಿಯಲ್ಲೇ ಆಗುತ್ತದೆ.

ಹೆಜ್ಜೇನಿನ ಹಿಂಡು ಎರಗಿದರೆ ಲೆಕ್ಕವೇ ಬೇರೆ. ಅಲ್ಲಿ ಅಲರ್ಜಿ ಬೇಕಿಲ್ಲ, ವಿಷದ ಪ್ರಮಾಣವೇ ಸಾಕು. ಐವತ್ತಕ್ಕಿಂತ ಹೆಚ್ಚು ಮುಳ್ಳು ಸಿಕ್ಕರೆ, ಮಕ್ಕಳಲ್ಲಿ ಅದಕ್ಕಿಂತ ಕಡಿಮೆಯಿದ್ದರೂ, ರೋಗಿ ಚೆನ್ನಾಗಿ ಮಾತಾಡುತ್ತಿದ್ದರೂ ದಾಖಲಿಸಬೇಕು. ಸ್ನಾಯು, ಕೆಂಪು ರಕ್ತಕಣ ಒಡೆದು ಮೂತ್ರಪಿಂಡ ಕಟ್ಟಿಕೊಳ್ಳುವುದು ಒಂದೆರಡು ದಿನದ ಮೇಲೆ. ಮೂತ್ರ ಕಾಫಿ ಬಣ್ಣಕ್ಕೆ ತಿರುಗುವುದು, ಕಡಿಮೆಯಾಗುವುದು ಅದರ ಸುಳಿವು. ಮನೆಗೆ ಕಳಿಸಿದ್ದರೆ ಆ ಸುಳಿವನ್ನು ನೋಡುವವರು ಯಾರು?

ಚೇಳು ಕೀಟವಲ್ಲ, ಎಂಟು ಕಾಲಿನ ಜೀವಿ. ಪಠ್ಯದಲ್ಲಿ ಇದರ ಜೊತೆಗೇ ಬರುವುದರಿಂದ ಒಂದು ಮಾತು. ಕಚ್ಚಿದ ಕಡೆ ಬರೀ ನೋವಿದ್ದರೆ ನೋವಿಗೆ ಔಷಧ ಸಾಕು. ಕೈಕಾಲು ತಣ್ಣಗಾಗಿ, ಮೈಯೆಲ್ಲ ಬೆವೆತು, ವಾಂತಿಯಾದರೆ ವಿಷ ಹೃದಯಕ್ಕೆ ತಟ್ಟುತ್ತಿದೆ. ಮಹಾರಾಷ್ಟ್ರದ ಮಹಾಡ್‌ನ ಡಾ. ಹಿಮ್ಮತರಾವ್ ಬಾವಸ್ಕರ್ ಪ್ರಾಜೋಸಿನ್ ಮಾತ್ರೆಯಿಂದ ಇಂಥವರನ್ನು ಉಳಿಸಬಹುದೆಂದು ತೋರಿಸಿದರು. ಮಕ್ಕಳನ್ನಂತೂ ತಡಮಾಡದೆ ಕಳಿಸಿ.

ಕಡಿತ ಮರೆತುಹೋದ ಮೇಲೆ ಬರುವ ಜ್ವರ

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವುದು ಉಣುಗು. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಮತ್ತೆ ಜೀವ ತೆಗೆಯಿತು. ಕಚ್ಚುವುದು ಹೆಚ್ಚಾಗಿ ಮರಿ ಉಣುಗು, ನೋಡಿದರೆ ಮಚ್ಚೆಯೋ ಮಣ್ಣಿನ ಕಣವೋ ಎನಿಸುವಷ್ಟು ಸಣ್ಣದು. ನೋವಿಲ್ಲ, ತುರಿಕೆಯೂ ತಡ. ಮಳೆ ನಿಂತ ಮೇಲೆ ಸುಮಾರು ಡಿಸೆಂಬರಿನಿಂದ ಮೇವರೆಗೆ ಇದರ ಕಾಲ, ಜನ ದರಗು ತರಲು, ಸೌದೆಗೆ ಕಾಡಿಗೆ ಹೋಗುವ ಕಾಲವೂ ಅದೇ.

ಕಾಡಿನಿಂದ ಬಂದವರು ಬಿಸಿನೀರು, ಸೋಪಿನಲ್ಲಿ ಮಿಂದು, ಬಟ್ಟೆಯನ್ನು ಬಿಸಿನೀರಿಗೆ ಹಾಕಬೇಕು. ಕಿವಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿಯ ಕೆಳಗೆ, ಮೊಣಕಾಲ ಹಿಂಭಾಗದಲ್ಲಿ ಇನ್ನೊಬ್ಬರಿಂದ ನೋಡಿಸಿಕೊಳ್ಳಲಿ. ಕಚ್ಚಿಕೊಂಡಿದ್ದರೆ ಚೂಪು ತುದಿಯ ಚಿಮಟದಿಂದ ಚರ್ಮಕ್ಕೆ ತಾಗುವಂತೆ ಅದರ ಬಾಯಿಯ ಹತ್ತಿರ ಹಿಡಿದು, ತಿರುಚದೆ ನೇರವಾಗಿ ಎಳೆಯಿರಿ. ಸೀಮೆಎಣ್ಣೆ, ಬೀಡಿಯ ಬೆಂಕಿ ಬೇಡ. ಕೆಣಕಿದ ಉಣುಗು ಬಿಡುವ ಮೊದಲು ಜೊಲ್ಲನ್ನು ಇನ್ನಷ್ಟು ಒಳಗೆ ಬಿಡಬಹುದು.

ಮೂರರಿಂದ ಎಂಟು ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ಹಣೆ ಸೀಳುವ ತಲೆನೋವು, ಸೊಂಟ ಮತ್ತು ಕಾಲಿನ ಸೆಳೆತ. ಕೆಲವರಿಗೆ ಒಸಡು, ಮೂಗಿನಿಂದ ರಕ್ತ. ಸಾವು ನೂರಕ್ಕೆ 3ರಿಂದ 5. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಆಸ್ಪಿರಿನ್ ರಕ್ತಸ್ರಾವವನ್ನು ಹೆಚ್ಚಿಸುತ್ತವೆ, ಡೆಂಗಿಗೂ ಇದೇ ನಿಯಮ. ಒಮ್ಮೆ ಜ್ವರ ಬಿಟ್ಟು, ಒಂದೆರಡು ವಾರದ ಮೇಲೆ ತಲೆನೋವು, ನಡುಕ, ಮಂಕು ಜೊತೆಗೆ ಮತ್ತೆ ಬರುವುದೂ ಉಂಟು. ವಾಸಿಯಾಯಿತು ಎಂದು ತೋಟದ ಕೆಲಸಕ್ಕೆ ಹೋದವರಿಗೆ ಇದನ್ನು ಮೊದಲೇ ಹೇಳಿಡಬೇಕು.

ಸ್ಕ್ರಬ್ ಟೈಫಸ್ ಇನ್ನೂ ಮರೆಯಲ್ಲಿ ಕೂರುವ ರೋಗ. ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯ ಮರಿ ಕಚ್ಚಿ ಸುಮಾರು ಹತ್ತು ದಿನದ ಮೇಲೆ ಜ್ವರ. ಕಚ್ಚಿದ ಕಡೆ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹೊಪ್ಪಳೆ, ಸುತ್ತ ಕೆಂಪು, ನೋವಿಲ್ಲ. ಅದು ಇರುವುದು ಕಂಕುಳಲ್ಲಿ, ತೊಡೆಸಂದಿಯಲ್ಲಿ, ಎದೆಯ ಕೆಳಗಿನ ಮಡಿಕೆಯಲ್ಲಿ. ರೋಗಿಗೇ ಗೊತ್ತಿರುವುದಿಲ್ಲ, ಕೇಳಿದರೆ ಇಲ್ಲ ಎನ್ನುತ್ತಾರೆ. ಎಲ್ಲರಲ್ಲೂ ಕಾಣುವುದಿಲ್ಲ, ನಿಜ. ಆದರೆ ಐದು ದಿನ ದಾಟಿದ, ಕಾರಣ ಸಿಗದ ಜ್ವರದಲ್ಲಿ ಪರದೆ ಎಳೆದು, ಒಪ್ಪಿಗೆ ಕೇಳಿ, ಹೆಂಗಸರಿಗೆ ಮಹಿಳಾ ಸಿಬ್ಬಂದಿಯೇ ಈ ಜಾಗಗಳನ್ನು ನೋಡಬೇಕು. ಆ ಕಪ್ಪು ಕಲೆ ಸಿಕ್ಕರೆ ರಕ್ತಪರೀಕ್ಷೆಯ ವರದಿಗೆ ಕಾಯದೆ ವೈದ್ಯರು ಡಾಕ್ಸಿಸೈಕ್ಲಿನ್ ಶುರು ಮಾಡುತ್ತಾರೆ. ಬಹಳ ಮಂದಿಗೆ ಎರಡು ದಿನದೊಳಗೆ ಜ್ವರ ಬಿಡುತ್ತದೆ.