ಭೀಮಾ ಸೀಮೆಯ ಕಪ್ಪು ಬಿಲ್ಲೆಗಳು: ಸಂಕೀರ್ಣ ಜೀವದ ಮೊದಲ ಕುರುಹುಗಳ ಹುಡುಕಾಟ

ಶಹಾಬಾದ್, ವಾಡಿ, ಸೇಡಂಗಳಿಂದ ಯಾದಗಿರಿ ಜಿಲ್ಲೆಯ ಶಹಾಪುರದ ಕಡೆಗೂ ಹಬ್ಬಿರುವ ಸುಣ್ಣಕಲ್ಲನ್ನು ನಮ್ಮ ಭಾಗದವರು ಮನೆಗೆ ಹಾಸುವ ಫರಸಿ ಕಲ್ಲಾಗಿ, ಸಿಮೆಂಟಿನ ಕಚ್ಚಾವಸ್ತುವಾಗಿ ಚೆನ್ನಾಗಿ ಬಲ್ಲರು. ಈ ಸುಣ್ಣಕಲ್ಲಿನ ಜೊತೆಗಿರುವ ಶೇಲ್ ಎಂಬ ಜೇಡಿಗಲ್ಲಿನ ಪದರುಗಳಿಂದ ಭೂವಿಜ್ಞಾನಿಗಳು ಚುವಾರಿಯಾ, ತಾವುಯಾ ಎಂಬ ಪಳೆಯುಳಿಕೆಗಳನ್ನು ವರದಿ ಮಾಡಿದ್ದಾರೆಂಬುದು ಮಾತ್ರ ಹೆಚ್ಚು ಜನರಿಗೆ ತಿಳಿದಿಲ್ಲ. ಅವುಗಳ ಮಹತ್ವ ಅರಿಯಲು 1859ಕ್ಕೆ ಹೋಗಬೇಕು.

ಆ ವರ್ಷ ಜೀವವಿಕಾಸದ ಸಿದ್ಧಾಂತವನ್ನು ಪ್ರಕಟಿಸಿದ ಚಾರ್ಲ್ಸ್ ಡಾರ್ವಿನ್, ತನ್ನ ವಾದದ ದೊಡ್ಡ ತೊಡಕನ್ನು ತಾನೇ ಬರೆದಿಟ್ಟ. ಇಂದಿಗೆ ಸುಮಾರು 54 ಕೋಟಿ ವರ್ಷಗಳ ಹಿಂದೆ ಆರಂಭವಾದ ಕೇಂಬ್ರಿಯನ್ ಯುಗದ ಶಿಲೆಗಳಲ್ಲಿ ಪ್ರಾಣಿಗಳು ಒಮ್ಮೆಲೇ ಕಾಣಿಸಿಕೊಳ್ಳುತ್ತವೆ. ಜೀವಿಗಳು ಹಂತಹಂತವಾಗಿ ಬದಲಾದದ್ದು ನಿಜವಾದರೆ ಅದಕ್ಕೂ ಹಿಂದಿನ ಪೂರ್ವಜರ ಕುರುಹು ಎಲ್ಲಿ ಎಂಬ ಪ್ರಶ್ನೆಗೆ ಅವನಲ್ಲಿ ತೃಪ್ತಿಕರ ಉತ್ತರವಿರಲಿಲ್ಲ.

1899ರಲ್ಲಿ ಅಮೆರಿಕದ ಚಾರ್ಲ್ಸ್ ವಾಲ್ಕಾಟ್, ಗ್ರ್ಯಾಂಡ್ ಕ್ಯಾನಿಯನ್ನಿನ ಕೇಂಬ್ರಿಯನ್‌ಪೂರ್ವ ಶೇಲಿನಲ್ಲಿ ಸಿಕ್ಕ ಕಪ್ಪು ಬಿಲ್ಲೆಗಳಿಗೆ ಚುವಾರಿಯಾ ಎಂದು ಹೆಸರಿಟ್ಟು, ಅವು ಚಿಪ್ಪುಜೀವಿಗಳೆಂದು ಭಾವಿಸಿದ. ಆ ಎಣಿಕೆ ಉಳಿಯಲಿಲ್ಲ. ಬಿಲ್ಲೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ, ಕೆಲವೇ ಮಿಲಿಮೀಟರ್ ಅಗಲದ ಇಂಗಾಲದ ತೆಳುಪೊರೆಯ ಅಂಚಿನಲ್ಲಿ ಒಂದರೊಳಗೊಂದು ಬಳೆಯಂತೆ ಸುಕ್ಕುಗಳು ಕಾಣುತ್ತವೆ. ಟೊಳ್ಳಾದ ಗೋಲವೊಂದು ಕೆಸರಿನ ಭಾರಕ್ಕೆ ಚಪ್ಪಟೆಯಾದಾಗ ಮೂಡುವ ಸುಕ್ಕುಗಳಿವು. ನಮ್ಮ ಸೀಮೆಯ ಈ ಭೀಮಾ ಶಿಲೆಗಳಲ್ಲಿ ಇದರ ಜೊತೆಗೇ ಸಿಗುವ ತಾವುಯಾ, ಎರಡೂ ತುದಿ ದುಂಡಗಿರುವ ಉದ್ದನೆಯ ಪೊರೆ. ಎರಡೂ ಒಂದೇ ಪಾಚಿಯ ಬೇರೆ ಬೇರೆ ಅವಸ್ಥೆಗಳೆಂದು ವಾದಿಸಿದವರಿದ್ದಾರೆ; ಚುವಾರಿಯಾ ಬ್ಯಾಕ್ಟೀರಿಯಾಗಳ ಗುಂಪಷ್ಟೇ ಆಗಿರಬಹುದೆಂದು ಶಂಕಿಸಿದವರೂ ಇದ್ದಾರೆ. ಪಾಚಿಯಾದರೆ ಅದು ಜೀವಕೋಶದೊಳಗೆ ಕೋಶಕೇಂದ್ರ ಇರುವ ಯೂಕ್ಯಾರಿಯೋಟ್; ಬ್ಯಾಕ್ಟೀರಿಯಾಕ್ಕೆ ಕೋಶಕೇಂದ್ರವಿಲ್ಲ. ಯೂಕ್ಯಾರಿಯೋಟ್‌ಗಳಿಂದಲೇ ಗಿಡ, ಅಣಬೆ, ಪ್ರಾಣಿಗಳೆಲ್ಲ ಬಂದಿರುವುದರಿಂದ ಈ ಜಗಳ ಸಣ್ಣದಲ್ಲ.

ಡಾರ್ವಿನ್ನನ ಕೊರತೆ ತುಂಬಿದ್ದು ಇಪ್ಪತ್ತನೆಯ ಶತಮಾನದಲ್ಲಿ. 1946ರಲ್ಲಿ ಆಸ್ಟ್ರೇಲಿಯಾದ ಎಡಿಯಾಕರಾ ಬೆಟ್ಟಗಳಲ್ಲಿ ರೆಜಿನಾಲ್ಡ್ ಸ್ಪ್ರಿಗ್ ಮೃದುದೇಹದ ಜೀವಿಗಳ ಅಚ್ಚುಗಳನ್ನು ಕಂಡ; ಅವು ಕೇಂಬ್ರಿಯನ್‌ಗೂ ಹಿಂದಿನವೆಂದು ಮುಂದೆ ಗೊತ್ತಾಯಿತು. 1954ರಲ್ಲಿ ಟೈಲರ್ ಮತ್ತು ಬಾರ್ಗ್‌ಹೂರ್ನ್ ಉತ್ತರ ಅಮೆರಿಕದ ಗನ್‌ಫ್ಲಿಂಟ್ ಶಿಲೆಯಲ್ಲಿ, ಈಗ ಸುಮಾರು 188 ಕೋಟಿ ವರ್ಷ ಹಳೆಯವೆಂದು ಗೊತ್ತಾಗಿರುವ ಸೂಕ್ಷ್ಮಜೀವಿಗಳನ್ನು ವರದಿ ಮಾಡಿದರು.

ಭಾರತದ ಅಧ್ಯಾಯದಲ್ಲಿ ಪಾಠಗಳು ಹೆಚ್ಚು. 1998ರಲ್ಲಿ ಮಧ್ಯಪ್ರದೇಶದ ಚೋರ್ಹಟ್ ಮರಳುಗಲ್ಲಿನಲ್ಲಿ ಹುಳುಗಳು ಕೊರೆದ ಜಾಡು ಸಿಕ್ಕಿದೆಯೆಂಬ ಸುದ್ದಿ ಜಗತ್ತಿನ ಗಮನ ಸೆಳೆಯಿತು; ಆ ಶಿಲೆಗೆ ಸುಮಾರು 160 ಕೋಟಿ ವರ್ಷವೆಂದು ತಿಳಿದ ಮೇಲೆ, ಅದು ಪ್ರಾಣಿಗಳ ಜಾಡೆಂಬುದನ್ನು ಹೆಚ್ಚಿನವರು ಒಪ್ಪಲಿಲ್ಲ. 2021ರಲ್ಲಿ ಭೀಮ್‌ಬೇಟ್ಕಾದ ಗುಹೆಯ ಗೋಡೆಯಲ್ಲಿ ಎಡಿಯಾಕರಾ ಕಾಲದ ಡಿಕಿನ್ಸೋನಿಯಾ ಎಂಬ ಮೃದುದೇಹದ ಜೀವಿಯ ಅಚ್ಚು ಕಂಡಿತೆಂದು ಹೇಳಲಾಯಿತು. ಮರಳಿ ಪರೀಕ್ಷಿಸಿದಾಗ ಅದು ಕಳಚಿಬಿದ್ದ ಜೇನುಹುಟ್ಟಿನ ಗುರುತೆಂದು ತೇಲಿತು. ಇವೆರಡರ ನಡುವೆ, 2017ರಲ್ಲಿ, ಚಿತ್ರಕೂಟದ ಸುಮಾರು 160 ಕೋಟಿ ವರ್ಷದ ಶಿಲೆಯಲ್ಲಿ ಕೆಂಪು ಪಾಚಿಯನ್ನು ಹೋಲುವ ಪಳೆಯುಳಿಕೆಗಳನ್ನು ಸ್ಟೀಫನ್ ಬೆಂಗ್ಟ್‌ಸನ್ ತಂಡ ಪ್ರಕಟಿಸಿತು. ಎಕ್ಸ್-ಕಿರಣದ ಬೆಳಕಿನಲ್ಲಿ ಕೋಶಗಳ ಒಳರಚನೆಯನ್ನೇ ತೋರಿಸಿದ ಕಾರಣ ಅದರ ತೂಕ ಬೇರೆ. ಹೊರಗಿನ ಆಕಾರವೊಂದನ್ನೇ ನಂಬಿ ತೀರ್ಪು ಕೊಡಬಾರದೆಂದು ನನಗೆ ಅನ್ನಿಸುವುದು ಈ ಮೂರೂ ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ.

ಭೀಮಾ ಶಿಲೆಗಳಿಗೂ ಇದೇ ಅಳತೆ ಸಲ್ಲಬೇಕು. ಅವು ಕೇಂಬ್ರಿಯನ್‌ಗಿಂತ ಹಳೆಯವೆಂದು ಸಾಮಾನ್ಯವಾಗಿ ಒಪ್ಪಲಾಗಿದ್ದರೂ, ಎಷ್ಟು ಹಳೆಯವು ಎಂಬಲ್ಲಿ ವಿದ್ವಾಂಸರ ಲೆಕ್ಕಗಳು ಕೋಟ್ಯಂತರ ವರ್ಷಗಳಷ್ಟು ದೂರ ನಿಲ್ಲುತ್ತವೆ. ಚುವಾರಿಯಾ ಬಹು ದೀರ್ಘಕಾಲದ ಶಿಲೆಗಳಲ್ಲಿ ಸಿಗುವುದರಿಂದ ಅದೊಂದರಿಂದಲೇ ಕಾಲ ನಿರ್ಣಯಿಸಲಾಗದು. ಶೇಲನ್ನು ಆಮ್ಲದಲ್ಲಿ ಕರಗಿಸಿ, ಉಳಿದ ಪೊರೆಯ ಗೋಡೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೀವಿ ಯಾವುದೆಂಬ ಸುಳಿವು ದೊರೆಯಬಹುದು. ಅದಕ್ಕೆ ಯಾವ ಪದರಿನಿಂದ ತೆಗೆದದ್ದೆಂದು ಗುರುತಿರುವ ಕಲ್ಲು ಬೇಕು. ಸುಣ್ಣಕಲ್ಲಿಗಾಗಿ ಗಣಿ ತೋಡುವಾಗ ಶೇಲ್ ಅಡ್ಡ ಬಂದರೆ, ಅದನ್ನು ಕಸದ ರಾಶಿಗೆ ಸೇರಿಸುವ ಮುನ್ನ ಮಾದರಿಗಳನ್ನು ಪದರಿನ ಗುರುತಿನೊಂದಿಗೆ ತೆಗೆದಿಡುವ ಕ್ರಮ ನಮ್ಮ ಜಿಲ್ಲೆಗಳಲ್ಲಿ ಬರಲೇಬೇಕು.