ಘಾಟಿನ ಕೆರೆಯಿಂದ ಗಲ್ಲಿಯ ಬ್ಯಾಟರಿವರೆಗೆ: ಮುಂಬೈ ಕರೆಂಟ್ ಕೂಡಿಟ್ಟ ಕಥೆ

2020ರ ಅಕ್ಟೋಬರ್ 12, ಸೋಮವಾರ. ಬೆಳಿಗ್ಗೆ 10 ಗಂಟೆ ದಾಟಿದ ಮೇಲೆ ಮಾಟುಂಗಾದ ನಮ್ಮ ಮನೆಯಲ್ಲಿ ಫ್ಯಾನ್ ನಿಂತಿತು. ಮಗಳ ಆನ್‌ಲೈನ್ ಕ್ಲಾಸೂ ನಿಂತಿತು. ಕೆಳಗೆ ಉಡುಪಿ ಹೋಟೆಲಿನ ಗ್ರೈಂಡರ್‌ನಲ್ಲಿ ಅರ್ಧ ಅರೆದ ಉದ್ದು ಹಾಗೇ ಉಳಿಯಿತು. ಮುಂಬೈಯಲ್ಲಿ ಕರೆಂಟ್ ಹೋಗೋದೇ ಇಲ್ಲ ಅಂತ ಊರಿಗೆ ಹೋದಾಗಲೆಲ್ಲ ಹೇಳುತ್ತಿದ್ದವರು ನಾವು. ಅವತ್ತು ಲೋಕಲ್ ರೈಲುಗಳೂ ಹಳಿಯ ಮೇಲೆ ನಿಂತವು.

ಮುಂಬೈಗೆ ಕರೆಂಟ್ ಕೂಡಿಡುವುದು ಹೊಸದಲ್ಲ. 1915ರಲ್ಲಿ ಖೋಪೋಲಿಯ ಟಾಟಾ ಜಲವಿದ್ಯುತ್ ಕೇಂದ್ರ ಶುರುವಾದಾಗ ಲೋನಾವಳದ ಕೆರೆಗಳಲ್ಲಿ ಮಳೆನೀರು ನಿಲ್ಲಿಸಿ, ಘಾಟಿಯ ಕೆಳಗೆ ಪೈಪಿನಲ್ಲಿ ಇಳಿಸಿ, ಬಟ್ಟೆ ಮಿಲ್ಲುಗಳನ್ನು ಓಡಿಸಿದರು. ಆ ಕೆರೆಯೇ ಆಗಿನ ಬ್ಯಾಟರಿ. ಆದರೆ ಅದಕ್ಕೆ ಜಾಗ ಕೊಟ್ಟವರು ಯಾರು? ಪುಣೆ ಹತ್ತಿರದ ಮುಳಶಿಯಲ್ಲಿ ಟಾಟಾದವರ ಅಣೆಕಟ್ಟಿಗೆ ಗದ್ದೆ ಮುಳುಗುತ್ತದೆಂದು 1921ರಲ್ಲಿ ರೈತರು ಸ್ವಾತಂತ್ರ್ಯ ಹೋರಾಟಗಾರ ಸೇನಾಪತಿ ಬಾಪಟರ ಜೊತೆ ಸತ್ಯಾಗ್ರಹಕ್ಕೆ ಕೂತರು. ಅಣೆಕಟ್ಟಿನ ಕೆಲಸ ನಿಲ್ಲಲಿಲ್ಲ. ಮುಂಬೈಯ ದೀಪದ ಕಥೆ ಹೇಳುವಾಗ ಇದನ್ನು ಬಿಡಬಾರದು ಅನ್ನಿಸುತ್ತದೆ ನನಗೆ. ಮುಂದೆ ಮುಳಶಿಯ ಅದೇ ನೀರಿನಿಂದ ನಡೆಯುವ ಭೀರಾ ವಿದ್ಯುತ್ ಕೇಂದ್ರದಲ್ಲಿ, ಬೇಡಿಕೆ ಕಡಿಮೆ ಇರುವ ಹೊತ್ತಿನಲ್ಲಿ ನೀರನ್ನು ಮತ್ತೆ ಮೇಲಕ್ಕೆ ಪಂಪ್ ಮಾಡುವ 150 ಮೆಗಾವಾಟ್ ಘಟಕವೂ ಬಂತು.

1980ರ ದಶಕದಿಂದ ಇನ್ನೊಂದು ಏರ್ಪಾಡಿದೆ. ಹೊರಗಿನ ಗ್ರಿಡ್, ಅಂದರೆ ವಿದ್ಯುತ್ ಜಾಲ, ಬಿದ್ದರೆ ಮುಂಬೈ ತನ್ನನ್ನು ಕತ್ತರಿಸಿಕೊಂಡು, ಟ್ರಾಂಬೆ, ಡಹಾಣುವಿನ ಉಷ್ಣ ವಿದ್ಯುತ್ ಕೇಂದ್ರಗಳು ಮತ್ತು ಘಾಟಿನ ಜಲವಿದ್ಯುತ್ತಿನ ಮೇಲೆ ದ್ವೀಪದ ಹಾಗೆ ನಡೆಯಬೇಕು. 2020ರಲ್ಲಿ ಹೊರಗಿನಿಂದ ಕರೆಂಟ್ ತರುವ ಕಳವಾ-ಪಡಘಾ ಲೈನುಗಳು ಕೈಕೊಟ್ಟಾಗ ಆ ದ್ವೀಪ ನಿಲ್ಲಲಿಲ್ಲ. ಬೇಸಿಗೆಯಲ್ಲಿ ನಗರ 4000 ಮೆಗಾವಾಟ್ ಮೀರಿ ಎಳೆಯುತ್ತದೆ. ಹೊಸ ಲೈನ್ ತರಲು ಜಾಗ ಎಲ್ಲಿದೆ?

ಈ ನಡುವೆ ಬಂದದ್ದು ಲಿಥಿಯಂ ಬ್ಯಾಟರಿ. 2019ರಲ್ಲಿ ದಿಲ್ಲಿಯ ರೋಹಿಣಿಯಲ್ಲಿ 10 ಮೆಗಾವಾಟಿನದು ಕೂತಿತು. 2022ರ ಟೆಂಡರಿನಲ್ಲಿ ಮೆಗಾವಾಟಿಗೆ ತಿಂಗಳಿಗೆ 10 ಲಕ್ಷ ರೂಪಾಯಿಗೂ ಜಾಸ್ತಿ ಇದ್ದ ಬ್ಯಾಟರಿ ಬಾಡಿಗೆ ಮೂರು ವರ್ಷದೊಳಗೆ 2 ಲಕ್ಷದ ಆಸುಪಾಸಿಗೆ ಇಳಿಯಿತು. 2025ರಲ್ಲಿ ಮುಂಬೈಯ 10 ಕಡೆ ಒಟ್ಟು 100 ಮೆಗಾವಾಟ್ ಬ್ಯಾಟರಿ ಹಾಕಲು ಟಾಟಾ ಪವರ್‌ಗೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಒಪ್ಪಿಗೆ ಕೊಟ್ಟಿತು.

ಸರಿ, ಆದರೆ ಎಲ್ಲಿ ಇಡುವುದು, ಯಾವ ಕೆಲಸಕ್ಕೆ? ಇಡೀ ಪ್ಲ್ಯಾನಿಂಗ್ ಇರುವುದು ಇಲ್ಲೇ. ಆಫೀಸುಗಳ ಫೀಡರ್‌ಗೆ (ಸಬ್‌ಸ್ಟೇಷನ್‌ನಿಂದ ಒಂದು ಪ್ರದೇಶಕ್ಕೆ ಕರೆಂಟ್ ಒಯ್ಯುವ ಲೈನ್) ಮಧ್ಯಾಹ್ನ ಎಸಿಯ ಲೋಡ್, ಮನೆಗಳ ಫೀಡರ್‌ಗೆ ಊಟ ಮುಗಿದು ಮಲಗುವ ಹೊತ್ತಿನಲ್ಲಿ. ವರ್ಷಕ್ಕೆ ಕೆಲವೇ ಗಂಟೆ ತುಂಬಿ ತುಳುಕುವ ಟ್ರಾನ್ಸ್‌ಫಾರ್ಮರ್ ಬದಲಿಸುವುದಕ್ಕಿಂತ ಪಕ್ಕದಲ್ಲಿ ಬ್ಯಾಟರಿ ಇಟ್ಟರೆ ಅಗ್ಗವಾಗಬಹುದು. ಆದರೆ ರಾತ್ರಿಯ ಲೋಡಿಗೆ ಪೂರ್ತಿ ಖಾಲಿ ಮಾಡಿದ ಬ್ಯಾಟರಿ, ಆಮೇಲೆ ಗ್ರಿಡ್ ಬಿದ್ದರೆ ಆಸ್ಪತ್ರೆಗೆ ಏನು ಕೊಟ್ಟೀತು? ಇಷ್ಟು ಪಾಲು ತುರ್ತಿಗೆ ಮೀಸಲು ಅಂತ ಮೊದಲೇ ಬರೆದಿಡಬೇಕು. ಯಾವ ಟ್ರಾನ್ಸ್‌ಫಾರ್ಮರ್ ಯಾವ ಹೊತ್ತಿಗೆ ಎಷ್ಟು ತುಂಬಿರುತ್ತದೆ ಅನ್ನುವ ಲೆಕ್ಕ ಜನರಿಗೂ ಕಾಣಬೇಕು. ದರ ಏರಿಸುವಾಗ ಸಾರ್ವಜನಿಕ ವಿಚಾರಣೆ ನಡೆಯುತ್ತದೆ ಅಲ್ವಾ, ಅಲ್ಲಿ ಇದನ್ನೂ ಕೇಳೋಣ.

ಕಿಂಗ್ಸ್ ಸರ್ಕಲ್ ಕಡೆ ಹೋಗುವಾಗ ನಾನು ದಿನಾ ಒಂದು ಸಬ್‌ಸ್ಟೇಷನ್ ದಾಟುತ್ತೇನೆ. ಕಬ್ಬಿಣದ ಗೇಟು, ಒಳಗೆ ಗುಂಯ್ ಎನ್ನುವ ಸದ್ದು, ಎದುರಿಗೆ ನಿಲ್ಲಿಸಿದ ಎರಡು ಸ್ಕೂಟರ್. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಈ ರಸ್ತೆಯಲ್ಲಿ ನೀರು ನನ್ನ ಸೊಂಟದವರೆಗೆ ಬಂದಿತ್ತು. ಇಲ್ಲಿ ಬ್ಯಾಟರಿ ಇಡುವುದಾದರೆ ಅದರ ಕಟ್ಟೆ ಆ ಸೊಂಟಕ್ಕಿಂತ ಎತ್ತರ ಇರಬೇಕು.